ಕರೆಂಟು, ತೈಲ, ಯುದ್ಧ: ಗ್ರೂಪಿನಲ್ಲಿ ವಾದಕ್ಕಿಳಿಯುವ ಮುನ್ನ ನೋಡಬೇಕಾದ ಲೆಕ್ಕ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ ಊರಿನವರಷ್ಟೇ ಇರುವುದಿಲ್ಲ. ಮಂಗಳೂರಿನವರೂ ಇರುತ್ತಾರೆ, ದುಬೈಯವರೂ ಇರುತ್ತಾರೆ. ಎರಡು ರಾಜ್ಯದ ಬಿಲ್ಲು, ದಿಲ್ಲಿಯ ರಾಜಕೀಯ, ಗಲ್ಫಿನ ಆತಂಕ ಎಲ್ಲವೂ ಒಂದೇ ಚರ್ಚೆಗೆ ಬಂದು ಬೀಳುತ್ತವೆ. ಜಗಳ ಪಕ್ಷದ ಹೆಸರಿನಲ್ಲಿ ನಡೆದರೂ ಬುಡದಲ್ಲಿ ಹೆಚ್ಚಾಗಿ ಅಳತೆಯೇ ತಪ್ಪಿರುತ್ತದೆ.

ಬಿಲ್ಲಿನಿಂದಲೇ ಶುರು ಮಾಡೋಣ. "ಕೇರಳದಲ್ಲಿ ಕರೆಂಟು ಎಷ್ಟು ದುಬಾರಿ ನೋಡಿ" ಎಂದು ಯಾರಾದರೂ ಫೋಟೋ ಹಾಕಿದರೆ ಮೊತ್ತಕ್ಕಿಂತ ಮೊದಲು ಅವಧಿ ನೋಡಿ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಮನೆ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳದ್ದು, ಮಂಗಳೂರು ಕಡೆ ಕರೆಂಟು ಕೊಡುವ ಮೆಸ್ಕಾಂನದ್ದು ಒಂದು ತಿಂಗಳದ್ದು. ಯೂನಿಟ್ಟನ್ನೂ ರೂಪಾಯಿಯನ್ನೂ ಎರಡರಿಂದ ಭಾಗಿಸದೆ ಹೋಲಿಸಿದರೆ ಆ ವಾದ ಅಲ್ಲಿಗೇ ಸತ್ತಂತೆ. ಆಮೇಲೆ ಸ್ಲ್ಯಾಬ್, ಅಂದರೆ ಬಳಕೆಯ ಹಂತಕ್ಕೆ ತಕ್ಕ ದರ. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್‌ವರೆಗೆ ಹಂತಹಂತದ ದರ. ಅದನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಒಂದೇ ದರ. ಹಾಗಾಗಿ 245 ಮತ್ತು 255 ಯೂನಿಟ್ ಉರಿಸಿದ ಎರಡು ಮನೆಗಳ ಬಿಲ್ಲಿನ ಅಂತರ ಹತ್ತು ಯೂನಿಟ್ಟಿನದ್ದಲ್ಲ. ಇನ್ನು ಕರ್ನಾಟಕದ ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಅರ್ಥವಲ್ಲ. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮನೆಮನೆಗೆ ಬೇರೆಬೇರೆ ಮಿತಿ ಹಾಕಿದ್ದಾರೆ. 200 ಅದರ ಮೇಲ್ತುದಿ. ಅದು ಸರಕಾರ ತುಂಬುವ ಹಣ, ಅಗ್ಗದ ದರ ಅಲ್ಲ. ದರವನ್ನು ದರದೊಡನೆ, ಸಬ್ಸಿಡಿಯನ್ನು ಸಬ್ಸಿಡಿಯೊಡನೆ ಇಟ್ಟು ನೋಡಬೇಕು.

ಬೈಯುವುದಾದರೆ ಸರಿಯಾದ ವಿಳಾಸಕ್ಕೆ ಬೈಯಿರಿ. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು; ಪರಮಾಣು ಶಕ್ತಿ ಕೇಂದ್ರ ಪಟ್ಟಿಯಲ್ಲಿ. ಮನೆಗೆ ಬರುವ ದರವನ್ನು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಆಯಾ ರಾಜ್ಯದ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ.

ಅತಿ ಹೆಚ್ಚು ಎಡವುವ ಜಾಗ ಮೆಗಾವಾಟ್. ಮೆಗಾವಾಟ್ ಅಂದರೆ ಸಾಮರ್ಥ್ಯ, ಯೂನಿಟ್ ಅಂದರೆ ನಿಜವಾಗಿ ಬಂದ ಕರೆಂಟು. ನಮ್ಮದೇ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಹರಡಿರುವ, 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸೋಲಾರ್ ಸ್ಥಾವರ 50 ಮೆಗಾವಾಟಿನದು, ಜಾಗ ಸುಮಾರು 250 ಎಕರೆ. ವರ್ಷಕ್ಕೆ 8,760 ಗಂಟೆ. ಆದರೆ ರಾತ್ರಿ, ಮೋಡ, ಮಳೆ ಕಳೆದರೆ ಸೋಲಾರ್ ಕೊಡುವುದು ಪೂರ್ಣ ಸಾಮರ್ಥ್ಯದ ಶೇ. 18-20ರಷ್ಟು. 50 × 8,760 × 0.19 ಮಾಡಿದರೆ ಸುಮಾರು 83,000 ಮೆಗಾವಾಟ್-ಗಂಟೆ; ಒಂದು ಮೆಗಾವಾಟ್-ಗಂಟೆಗೆ ಸಾವಿರ ಯೂನಿಟ್, ಅಂದರೆ 8.3 ಕೋಟಿ ಯೂನಿಟ್. ಕೈಗಾ ಅಣುಸ್ಥಾವರದ ನಾಲ್ಕು ಘಟಕ ಸೇರಿ 880 ಮೆಗಾವಾಟ್, ಶೇ. 80ರಂತೆ ಓಡಿದರೂ 617 ಕೋಟಿ ಯೂನಿಟ್. 880ನ್ನು 50ರಿಂದ ಭಾಗಿಸಿ "ಹದಿನೆಂಟು ಪೈವಳಿಕೆ ಸಾಕು" ಎನ್ನುವವರಿಗೆ ಈ ಲೆಕ್ಕ ತೋರಿಸಿ. ಬೇಕಾಗುವುದು ಎಪ್ಪತ್ತೈದರ ಹತ್ತಿರ, ಜಾಗ 18,000 ಎಕರೆಗೂ ಮೇಲೆ. ಪರಮಾಣುವಿನ ಪರ ನಿಂತವರು ಕಾಲವನ್ನು ಮರೆಯುತ್ತಾರೆ: ಕೂಡಂಕುಳಂನ ಮೊದಲ ಘಟಕದ ನಿರ್ಮಾಣ 2002ರಲ್ಲಿ ಶುರುವಾಯಿತು, ಗ್ರಿಡ್ಡಿಗೆ ಅದು ಸೇರಿದ್ದು 2013ರಲ್ಲಿ.

ಸರಕಾರಿ ವರದಿ ಓದುವಾಗ ಸೊನ್ನೆ ತಪ್ಪುವುದೂ ಇದೆ. ಒಂದು ಮಿಲಿಯನ್ ಯೂನಿಟ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ. ಭಾರತದ ಅಂಕಿ ಹೆಚ್ಚಾಗಿ ಏಪ್ರಿಲ್‌ನಿಂದ ಮಾರ್ಚ್, ವಿದೇಶಿ ಸಂಸ್ಥೆಗಳದ್ದು ಜನವರಿಯಿಂದ ಡಿಸೆಂಬರ್.

"ಮನೆಮನೆಗೆ ಸೋಲಾರ್ ಹಾಕಿದರೆ ಅರಬರ ತೈಲ ಬೇಡ" ಎಂಬುದೂ ಪದೇಪದೇ ಬರುತ್ತದೆ. ನಮ್ಮ ದೇಶದಲ್ಲಿ ತೈಲದಿಂದ ಕರೆಂಟು ಮಾಡುವುದು ಇಲ್ಲವೆನ್ನುವಷ್ಟು ಕಡಿಮೆ. ಕರೆಂಟಿನ ಸುಮಾರು ಮುಕ್ಕಾಲು ಭಾಗ ಕಲ್ಲಿದ್ದಲಿನದು. ತೈಲ ಉರಿಯುವುದು ಲಾರಿ, ಬಸ್ಸು, ಬೈಕಿನಲ್ಲಿ. ಸೋಲಾರ್ ಬಂದರೆ ಉಳಿಯುವುದು ಕಲ್ಲಿದ್ದಲು. ವಾಹನ ಬ್ಯಾಟರಿಗೆ ತಿರುಗಿದರೆ ಮಾತ್ರ ತೈಲ ಉಳಿದೀತು. ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರುವುದು ನಿಜ. ಇರಾನ್ ಪಕ್ಕದ ಹೋರ್ಮುಜ್ ಜಲಸಂಧಿಯ ಅತಿ ಕಿರಿದಾದ ಜಾಗ ಸುಮಾರು 33 ಕಿ.ಮೀ.; 2024ರಲ್ಲಿ ಅದರ ಮೂಲಕ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ಸಾಗುತ್ತಿತ್ತು, ಒಂದು ಬ್ಯಾರೆಲ್ ಎಂದರೆ 159 ಲೀಟರ್. ಅಲ್ಲಿ ಬಿಗುವು ಬಂದಾಗ ಎಲ್ಲರೂ ಪೆಟ್ರೋಲ್ ಮಾತಾಡುತ್ತಾರೆ. ಅಡುಗೆ ಗ್ಯಾಸಿನಲ್ಲಿ ಸುಮಾರು ಶೇ. 60 ಆಮದು, ಅದೂ ಹೆಚ್ಚಾಗಿ ಗಲ್ಫಿನಿಂದಲೇ. ಅದು ಚರ್ಚೆಗೆ ಬರುವುದೇ ಕಡಿಮೆ.

ಯುದ್ಧದ ವಿಡಿಯೋ ಬಂದರೆ ಒಂದು ಫ್ರೇಮ್ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯ ವಿಡಿಯೋ ಆಗಿದ್ದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಮಾ 3 ಎಂಬ ಕಂಪ್ಯೂಟರ್ ಗೇಮಿನ ತುಣುಕುಗಳು ಉಕ್ರೇನ್ ಯುದ್ಧದ ಹೆಸರಿನಲ್ಲಿ ಎಷ್ಟು ಓಡಾಡಿದವೆಂದರೆ, ಅದನ್ನು ಮಾಡಿದ ಕಂಪನಿಯೇ 2022ರಲ್ಲಿ ಹೇಳಿಕೆ ಕೊಡಬೇಕಾಯಿತು. ರಾತ್ರಿಯ ದೃಶ್ಯ, ಅಲುಗುವ ಕ್ಯಾಮೆರಾ, ಮನುಷ್ಯರ ದನಿಯೇ ಇಲ್ಲ ಎಂದಾದರೆ ಅನುಮಾನಪಡಿ.

ವಾದದ ಕ್ರಮದ ಬಗ್ಗೆ ತಾಳಮದ್ದಳೆ (ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ) ಕೇಳಿ ಬೆಳೆದವರಿಗೆ ಹೆಚ್ಚು ಹೇಳಬೇಕಿಲ್ಲ: ಎದುರು ಪಾತ್ರದ ಮಾತಾಡುವ ಅರ್ಥಧಾರಿ ಎತ್ತಿದ ಮಾತಿಗೇ ಉತ್ತರ, ಪ್ರಸಂಗ ಬಿಟ್ಟು ಹೋಗುವಂತಿಲ್ಲ. ಒಂದು ಸಂದೇಶಕ್ಕೆ ಒಂದೇ ಅಂಶ ಸಾಕು. ಅಂಕಿಯ ಜತೆ ವರ್ಷ, ಅಳತೆ, ರಾಜ್ಯವೋ ದೇಶವೋ ಎಂಬುದು, ಸಿಕ್ಕಿದ ಮೂಲ ಇಷ್ಟನ್ನೂ ಬರೆಯಿರಿ. ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಮಾಸಿಕ ವರದಿ, ತೈಲಕ್ಕೆ ಪೆಟ್ರೋಲಿಯಂ ಸಚಿವಾಲಯದ ವಿಶ್ಲೇಷಣಾ ಘಟಕ, ರಾಜಕೀಯ ಹೇಳಿಕೆಗೆ ಸಂಸತ್ತಿನ ಪ್ರಶ್ನೋತ್ತರ. ಕೊನೆಯದಕ್ಕೆ ಪ್ರಶ್ನೆಯ ಸಂಖ್ಯೆ, ದಿನಾಂಕ ಹಾಕಿದರೆ ಯಾರೂ ಅಲ್ಲಗಳೆಯಲಾರರು. ಪತ್ರಿಕೆಯ ತಲೆಬರಹದ ಫೋಟೋವನ್ನು ಮೂಲವೆಂದು ಎಣಿಸಬೇಡಿ.

ತಪ್ಪು ಫಾರ್ವರ್ಡ್ ಮಾಡಿದ್ದು ಮನೆಯ ಹಿರಿಯರಾದರೆ ಗ್ರೂಪಿನಲ್ಲೇ ಖಂಡಿಸಿದರೆ ಕೆಲಸ ಕೆಡುತ್ತದೆ. ಅವರು ಮರ್ಯಾದೆಗಾಗಿ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ. ಅವರೊಬ್ಬರಿಗೇ ಬರೆಯಿರಿ: "ಮಾವ, ಈ ವಿಡಿಯೋ ಹಳೆಯದ್ದು ಅಂತ ಕಾಣ್ತದೆ, ಒಮ್ಮೆ ನೋಡಿ." ಸಾಧಾರಣವಾಗಿ ಅವರೇ ಅಳಿಸಿಬಿಡುತ್ತಾರೆ.