ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆಯನ್ನು ನೋಡುವುದು ಹೇಗೆ?

ಪ್ರೌಢಶಾಲೆಯಲ್ಲಿ ಜೀವಕೋಶವನ್ನು ತೋರಿಸಬೇಕೆಂದರೆ ಈರುಳ್ಳಿಯ ಪದರದಿಂದ ತೆಳುವಾದ ಪೊರೆಯನ್ನು ಸುಲಿದು ಸೂಕ್ಷ್ಮದರ್ಶಕದ ಕೆಳಗಿಡುವುದು ವಾಡಿಕೆ. ಇಟ್ಟಿಗೆ ಗೋಡೆಯಂತೆ ಸಾಲಾಗಿ ನಿಂತ ಕೋಶಗಳು ಅದರಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಅವು ಬೆಳವಣಿಗೆ ಮುಗಿಸಿದ ಕೋಶಗಳಾದ್ದರಿಂದ ಎಷ್ಟು ಹುಡುಕಿದರೂ ಅಲ್ಲಿ ವಿಭಜನೆ ಸಿಗುವುದಿಲ್ಲ. ಜೀನ್‌ಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳನ್ನು ಚಿತ್ರದಲ್ಲಷ್ಟೇ ಬಲ್ಲವರು ಅವನ್ನು ಕಣ್ಣಾರೆ ಕಾಣಬೇಕಾದರೆ ಅದೇ ಈರುಳ್ಳಿಯ ಬೇರಿನ ತುದಿಗೆ ಹೋಗಬೇಕು. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿದ್ದರೆ ಈರುಳ್ಳಿಯಲ್ಲಿರುವುದು 16 ಮಾತ್ರ. ಅವು ಗಾತ್ರದಲ್ಲೂ ದೊಡ್ಡವಾಗಿರುವುದರಿಂದ ಶಾಲೆಯ ಸಾಧಾರಣ ಸೂಕ್ಷ್ಮದರ್ಶಕಕ್ಕೂ ನಿಲುಕುತ್ತವೆ.

ಮೊದಲು ಬೇರು ಬರಿಸಬೇಕು. ಗಟ್ಟಿಯಾದ ಗಡ್ಡೆಯೊಂದನ್ನು ಆರಿಸಿ, ತಳದಲ್ಲಿರುವ ಒಣ ಬೇರುಗಳನ್ನು ಬ್ಲೇಡಿನಿಂದ ಹಗುರವಾಗಿ ಕೆರೆದು ತೆಗೆಯಿರಿ. ಗಡ್ಡೆ ಒಳಗೆ ಜಾರದಷ್ಟು ಕಿರಿದಾದ ಬಾಯಿಯ ಸೀಸೆಗೆ ನೀರು ತುಂಬಿ, ತಳ ಮಾತ್ರ ನೀರಿಗೆ ತಾಗುವಂತೆ ಗಡ್ಡೆಯನ್ನು ಕೂರಿಸಿ. ಅರ್ಧ ಗಡ್ಡೆ ಮುಳುಗಿದರೆ ಬೇರಿಗಿಂತ ಮೊದಲು ಕೊಳೆತ ವಾಸನೆಯೇ ಬರುತ್ತದೆ. ದಿನವೂ ನೀರು ಬದಲಿಸುತ್ತಿದ್ದರೆ ಮೂರರಿಂದ ಆರು ದಿನಗಳಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ ಬಿಳಿ ಬೇರುಗಳು ಇಳಿಯುತ್ತವೆ.

ಬೆಳಿಗ್ಗೆ ಎಂಟರಿಂದ ಹತ್ತು ಗಂಟೆಯ ನಡುವೆ ಬೇರಿನ ತುದಿಗಳನ್ನು ಕತ್ತರಿಸಿ, ಮೂರು ಪಾಲು ಎಥೆನಾಲ್‌ಗೆ ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಬೇಕು. ಪ್ರತಿಯೊಂದು ಕೋಶವೂ ವಿಭಜನೆಯ ಯಾವ ಹಂತದಲ್ಲಿತ್ತೋ ಆ ಹಂತದಲ್ಲೇ ನಿಂತುಬಿಡುವಂತೆ ಮಾಡುವುದು ಈ ದ್ರಾವಣದ ಕೆಲಸ. ಆಮ್ಲ ಚರ್ಮವನ್ನು ಸುಡುತ್ತದೆ. ಬೆರೆಸುವ ಕೆಲಸವನ್ನು ಶಿಕ್ಷಕರೇ ಮಾಡುವುದು ಒಳ್ಳೆಯದು. ಕೂಡಲೇ ಬಳಸದ ಬೇರುಗಳನ್ನು ಶೇ 70ರ ಎಥೆನಾಲ್‌ನಲ್ಲಿ ಕಾಪಿಡಬಹುದು.

ಇನ್ನು ಬಣ್ಣ ಹಾಕುವ ಹಂತ. ಒಂದು ಬೇರನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಒಂದು ಹನಿ ಸಾರರಿಕ್ತ (ನೀರು ಬೆರೆಸಿದ) ಹೈಡ್ರೋಕ್ಲೋರಿಕ್ ಆಮ್ಲವನ್ನೂ ಎರಡು ಮೂರು ಹನಿ ಅಸಿಟೋಕಾರ್ಮೈನ್ ಬಣ್ಣವನ್ನೂ ಹಾಕಿ, ಸ್ಪಿರಿಟ್ ದೀಪದ ಮೇಲೆ ಆಡಿಸುತ್ತಾ ಬೆಚ್ಚಗೆ ಮಾಡಿ. ಕುದಿಯಲೂ ಬಾರದು, ಒಣಗಲೂ ಬಾರದು. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನನ್ನು ಆಮ್ಲ ಸಡಿಲಿಸುತ್ತದೆ. ಕಾರ್ಮೈನ್ ವರ್ಣತಂತುಗಳಿಗೆ ಕೆಂಪು ಹಿಡಿಸುತ್ತದೆ. (ಈ ಕೆಂಪು ಬಣ್ಣ ಬರುವುದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೋಚಿನೀಲ್ ಎಂಬ ಪುಟ್ಟ ಕೀಟದಿಂದ.) ಐದು ಹತ್ತು ನಿಮಿಷ ಬಿಟ್ಟು, ಹೆಚ್ಚಿನ ಬಣ್ಣವನ್ನು ಸೋಸು ಕಾಗದದಿಂದ ಹೀರಿ ತೆಗೆಯಿರಿ.

ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಗಾಢವಾಗಿ ಬಣ್ಣ ಹಿಡಿದ ಎರಡು ಮೂರು ಮಿಲಿಮೀಟರ್ ತುದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕ ಬೇರನ್ನು ಆಗಲೇ ಎಸೆಯಬೇಕು. ಎರಡೂ ತುಂಡುಗಳು ಸ್ಲೈಡಿನ ಮೇಲೆ ಉಳಿದರೆ ಯಾವುದು ತುದಿ, ಯಾವುದು ಬುಡ ಎಂಬ ಗೊಂದಲ ಶುರುವಾಗುತ್ತದೆ. ತುದಿಯ ಮೇಲೆ ಒಂದು ಹನಿ ನೀರು ಹಾಕಿ, ಗಾಳಿಗುಳ್ಳೆ ಸೇರದಂತೆ ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ, ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಬೇರು ಹರಡಿ ತಿಳಿಗೆಂಪು ಮೋಡದಂತಾದ ಮೇಲೆ, ಮಡಿಸಿದ ಸೋಸು ಕಾಗದವನ್ನಿಟ್ಟು ಹೆಬ್ಬೆರಳಿನಿಂದ ನೇರವಾಗಿ ಕೆಳಕ್ಕೆ ಒತ್ತಬೇಕು. ಕೈ ಪಕ್ಕಕ್ಕೆ ಜಾರಿದರೆ ಕೋಶಗಳು ಹೊಸೆದುಕೊಂಡು ಹಾಳಾಗುತ್ತವೆ, ಗಾಜೂ ಒಡೆಯಬಹುದು.

ಸೂಕ್ಷ್ಮದರ್ಶಕದಲ್ಲಿ ಮೊದಲು 10 ಪಟ್ಟಿನ ಮಸೂರದಿಂದ, ಚೌಕಾಕಾರದ, ದೊಡ್ಡ ಕೋಶಕೇಂದ್ರವಿರುವ ಕೋಶಗಳ ಗುಂಪನ್ನು ಹುಡುಕಿ, ಆಮೇಲೆ 40 ಪಟ್ಟಿನದಕ್ಕೆ ಬದಲಿಸಿ. ಬಹುಪಾಲು ಕೋಶಗಳಲ್ಲಿ ದುಂಡನೆಯ ಕೋಶಕೇಂದ್ರವಷ್ಟೇ ಕಾಣುತ್ತದೆ. ಇವು ಎರಡು ವಿಭಜನೆಗಳ ನಡುವಣ ಅವಧಿಯಲ್ಲಿರುವ ಕೋಶಗಳಾದ್ದರಿಂದ ಪ್ರಯೋಗ ಕೆಟ್ಟಿತೆಂದು ಭಾವಿಸಬೇಕಿಲ್ಲ. ಸ್ಲೈಡನ್ನು ನಿಧಾನವಾಗಿ ಸರಿಸುತ್ತಾ ಹೋದರೆ ಒಂದು ಕಡೆ ಗೋಜಲಾದ ನೂಲಿನುಂಡೆಯಂತಹ ಪ್ರೊಫೇಸ್, ಇನ್ನೊಂದು ಕಡೆ ವರ್ಣತಂತುಗಳು ನಡುಗೆರೆಯಲ್ಲಿ ನೆರೆದ ಮೆಟಾಫೇಸ್, ಮತ್ತೊಂದೆಡೆ ಅವು ಎರಡು ತಂಡವಾಗಿ, ಬಾಲ ಹಿಂದೆ ಬಿಟ್ಟುಕೊಂಡು, ಎದುರುಬದುರು ದಿಕ್ಕಿಗೆ ಸರಿಯುತ್ತಿರುವ ಅನಾಫೇಸ್ ಸಿಗುತ್ತವೆ. ಎರಡು ಹೊಸ ಕೋಶಕೇಂದ್ರಗಳ ನಡುವೆ ಗೋಡೆ ಏಳುತ್ತಿದ್ದರೆ ಅದು ಟೀಲೋಫೇಸ್. ಪ್ರತಿ ವರ್ಣತಂತುವೂ ಮೊದಲೇ ನಕಲಾಗಿ, ಒಂದೊಂದು ಪ್ರತಿ ಒಂದೊಂದು ಬದಿಗೆ ಹೋಗುವುದರಿಂದ ಎರಡೂ ಮರಿಕೋಶಗಳಿಗೆ 16ರ ಪೂರ್ತಿ ಕಂತೆ ದೊರೆಯುತ್ತದೆ.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ಕೋಶಗಳಲ್ಲಿ ಇದನ್ನೇ ನೋಡಿ, 1882ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿ, ಮೈಟಾಸಿಸ್ ಎಂದು ಕರೆದರು. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತವೆಂದು ತಿಳಿಯಲು ಬಟಾಣಿ ಗಿಡಗಳ ಮೇಲೆ ಮೆಂಡೆಲ್ ನಡೆಸಿದ ಪ್ರಯೋಗಗಳ ಲೇಖನ 1866ರಲ್ಲೇ ಅಚ್ಚಾಗಿದ್ದರೂ ಈ ಎರಡು ಕೆಲಸಗಳ ನಂಟು ಸ್ಪಷ್ಟವಾದದ್ದು 1902-03ರ ಹೊತ್ತಿಗೆ, ಸಟನ್ ಮತ್ತು ಬೊವೆರಿ ಎಂಬ ವಿಜ್ಞಾನಿಗಳಿಂದ. ಆದರೆ ದುಂಡು ಬೀಜ ಮೂರಕ್ಕೆ ಸುಕ್ಕು ಬೀಜ ಒಂದು ಎಂಬಂತಹ ಮೆಂಡೆಲ್ ಅನುಪಾತದ ಮೂಲ ಬೇರಿನ ಈ ವಿಭಜನೆಯಲ್ಲಿಲ್ಲ. ಅದಿರುವುದು ಹೂವಿನೊಳಗೆ ನಡೆಯುವ, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಎಂಬ ವಿಭಜನೆಯಲ್ಲಿ. ಅಲ್ಲಿ ವರ್ಣತಂತುಗಳ ಜೋಡಿಗಳು ಬೇರ್ಪಟ್ಟು, ಈರುಳ್ಳಿಯ ಪರಾಗಕ್ಕೆ 8 ವರ್ಣತಂತುಗಳು ಮಾತ್ರ ಹೋಗುತ್ತವೆ.

ಮೆಂಡೆಲ್ ಅನುಪಾತವನ್ನು ಪರೀಕ್ಷಿಸಲು ತಂದೆ ಗಿಡಕ್ಕೊಂದು, ತಾಯಿ ಗಿಡಕ್ಕೊಂದರಂತೆ ಎರಡು ನಾಣ್ಯ ಸಾಕು. ತಲೆಯ ಬದಿಯನ್ನು ದುಂಡು ಬೀಜದ ಜೀನ್, ಇನ್ನೊಂದು ಬದಿಯನ್ನು ಸುಕ್ಕು ಬೀಜದ ಜೀನ್ ಎಂದಿಟ್ಟುಕೊಂಡು, ಎರಡನ್ನೂ ಒಟ್ಟಿಗೆ ನೂರು ಸಲ ಚಿಮ್ಮಿ. ದುಂಡು ಪ್ರಬಲ ಗುಣವಾದ್ದರಿಂದ ಎರಡೂ ನಾಣ್ಯ ಸುಕ್ಕಿನ ಬದಿಗೆ ಬಿದ್ದಾಗ ಮಾತ್ರ ಬೀಜ ಸುಕ್ಕಾಗುತ್ತದೆ. ಸುಕ್ಕು ಸರಿಯಾಗಿ 25 ಬರಲಿಲ್ಲವೆಂದು ಲೆಕ್ಕವನ್ನು ತಿದ್ದಬೇಡಿ. ಮೆಂಡೆಲ್ ಅವರಿಗೆ ಸಿಕ್ಕಿದ್ದು 5474 ದುಂಡು, 1850 ಸುಕ್ಕು ಬೀಜಗಳು. ಭಾಗಿಸಿದರೆ ಬರುವುದು 3 ಅಲ್ಲ, 2.96.