ಜುಲೈ ಬಿಸಿಲಿನಲ್ಲಿ ಬ್ಯಾಡ್‌ಲ್ಯಾಂಡ್ಸ್ ಕ್ಯಾಂಪಿಂಗ್: ನನ್ನ ಅನುಭವ

ಜುಲೈ ತಿಂಗಳಲ್ಲಿ ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿರುವ, ಜೇಡಿಮಣ್ಣಿನ ಬೋಳು ಗುಡ್ಡಗಳ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕಿನಲ್ಲಿ ಟೆಂಟ್ ಹಾಕಿಕೊಂಡು ಇರಲು ಆಗಲ್ಲ ಅಂತ ನಮ್ಮ ಮಿನಿಯಾಪೊಲಿಸ್ ಬಳಗದಲ್ಲಿ ಎಲ್ಲರದೂ ಒಂದೇ ಮಾತು. "ಸುಮ್ನೆ ಪಕ್ಕದ ವಾಲ್ ಊರಲ್ಲಿ ಮೋಟೆಲ್ ಮಾಡಪ್ಪ, ಅಮ್ಮನನ್ನೂ ಮಕ್ಕಳನ್ನೂ ಯಾಕೆ ಸುಡ್ತೀಯ" ಅಂದರು. ಹೋದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು ಎಲ್ಲರೂ ದುಡ್ಡು ಕೊಡದ ಸೇಜ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ ಅನ್ನ ಹುಳಿ ಉಂಡು ಆರಾಮಾಗಿ ಇದ್ದು ಬಂದೆವು. ಈಗ ಅದೇ ಬಳಗದವರು ಹೇಗೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಟೆಂಟಿನ ವಿಷಯ. ನಿಂತು ಓಡಾಡುವಷ್ಟು ಎತ್ತರದ ಕ್ಯಾಬಿನ್ ಟೆಂಟು ಅಲ್ಲಿಗೆ ಬೇಡವೇ ಬೇಡ. ನಮ್ಮ ಹಳೆಯದು ಇನ್ನೂರು ಚಿಲ್ಲರೆ ಡಾಲರಿನದು, ಮಳೆ ಬರುವ ಮುಂಚಿನ ಗಾಳಿಗೇ ಅದರ ಕೋಲು ಎರಡು ಕಡೆ ಮುರಿಯಿತು, ಆ ರಾತ್ರಿಯೆಲ್ಲ ವ್ಯಾನಿನಲ್ಲಿ ಮುದುಡಿಕೊಂಡು ಮಲಗಬೇಕಾಯಿತು. ಈಗ ಇರುವುದು ನಾಲ್ಕಡಿ ಎತ್ತರದ ಎರಡು ಡೋಮ್ ಟೆಂಟು. ಸೇಲಿನಲ್ಲಿ ಎರಡೂ ಸೇರಿ ನೂರೈವತ್ತರ ಆಸುಪಾಸು ಬಿತ್ತು. ಜೊತೆಗೆ ಕೊಡುವ ಅಲ್ಯೂಮಿನಿಯಂ ಗೂಟಗಳನ್ನು ಮನೆಯಲ್ಲೇ ಬಿಡಿ. ಒಣಗಿದ ಆ ಜೇಡಿಮಣ್ಣಿಗೆ ಎರಡಿಂಚು ಇಳಿಯುವಷ್ಟರಲ್ಲಿ ಬಗ್ಗುತ್ತವೆ. ಹತ್ತಿಂಚಿನ ಕಬ್ಬಿಣದ ಮೊಳೆ, ತಲೆಗೊಂದು ವಾಷರ್, ಭಾರದ ಒಂದು ಸುತ್ತಿಗೆ ಸಾಕು. ಮೊಳೆಗೆ ಹಗ್ಗ ಕಟ್ಟಲು ನನ್ನದೇ ಒಂದು ರೀತಿ ಇದೆ. ಅದನ್ನು ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ನೀರು. ಸೇಜ್ ಕ್ರೀಕ್‌ನಲ್ಲಿ ಕುಡಿಯುವ ನೀರಿಲ್ಲ, ಗುಂಡಿ ಕಕ್ಕಸು ಮಾತ್ರ ಇದೆ. ಪಕ್ಕದ ತೊರೆಯ ನೀರು ಬರೀ ಸಣ್ಣ ಮಣ್ಣು. ಗೆಳೆಯನೊಬ್ಬ ನಲವತ್ತು ಡಾಲರಿನ ಫಿಲ್ಟರ್ ತಂದಿದ್ದ, ಒಂದು ಬಾಟಲಿ ತುಂಬುವ ಮೊದಲೇ ಕಟ್ಟಿಕೊಂಡಿತು. ನಾವು ಏಳು ಗ್ಯಾಲನ್ನಿನ ಎರಡು ಡಬ್ಬಗಳನ್ನು ಪಾರ್ಕಿನ ಬೆನ್ ರೈಫೆಲ್ ವಿಸಿಟರ್ ಸೆಂಟರ್ ಕಡೆ ಹೋದಾಗಲೆಲ್ಲ ತುಂಬಿಸಿಕೊಳ್ಳುತ್ತಿದ್ದೆವು. ಪಾತ್ರೆ ತೊಳೆಯುವ ಮೊದಲು ಪೇಪರಿನಲ್ಲಿ ಚೆನ್ನಾಗಿ ಒರೆಸಿ. ಅಷ್ಟಕ್ಕೇ ಅರ್ಧ ನೀರು ಉಳಿಯುತ್ತದೆ.

ಇನ್ನು ಐಸ್. ಇದರಲ್ಲೇ ನಾವು ಎಲ್ಲರಿಗಿಂತ ಮುಂದೆ ಅಂತ ಧೈರ್ಯವಾಗಿ ಹೇಳುತ್ತೇನೆ. ದಿನಾ ಐಸ್ ಚೀಲ ಕೊಂಡರೆ ದುಡ್ಡೂ ಹೋಗುತ್ತದೆ, ಸಂಜೆಗೆ ತರಕಾರಿಯೆಲ್ಲ ನೀರಲ್ಲಿ ತೇಲುತ್ತದೆ. ನಾವು ಹೊರಡುವ ವಾರವೇ ಹುಳಿ, ಸಾರು, ಪಲ್ಯ ಮಾಡಿ ಜಿಪ್ ಚೀಲಗಳಲ್ಲಿ ಒಂದಿಂಚು ದಪ್ಪಕ್ಕೆ ಚಪ್ಪಟೆ ಮಾಡಿ ಫ್ರೀಜರಿನಲ್ಲಿ ಇಟ್ಟೆವು. ಕೂಲರಿನಲ್ಲಿ ಅವನ್ನು ನಿಲ್ಲಿಸಿ ಜೋಡಿಸಿದರೆ ಅವೇ ಐಸ್. ಬಿಸಿಲಿನ ಮೂರ್ನಾಲ್ಕು ದಿನ ಕಳೆದ ಮೇಲೂ ತಳದ ಚೀಲದ ಸಾರು ನಡುವೆ ಗಟ್ಟಿಯಾಗೇ ಇತ್ತು. ಆಲೂಗಡ್ಡೆ ಹಾಕಬೇಡಿ, ಕರಗಿದ ಮೇಲೆ ಸ್ಪಂಜಾಗುತ್ತದೆ. ಕಾಯಿ ರುಬ್ಬಿ ಹಾಕಿದ ಹುಳಿ ಒಡೆಯುತ್ತದೆ, ಬೇಳೆ ಜಾಸ್ತಿ ಹಾಕಿದರೆ ಕೂಡಿಕೊಳ್ಳುತ್ತದೆ. ಅನ್ನ ಮಾತ್ರ ಅಲ್ಲೇ, ಮೂರು ಲೀಟರಿನ ಕುಕ್ಕರಿನಲ್ಲಿ. ಪಾರ್ಕಿನೊಳಗೆ ಬೆಂಕಿ ಹಾಕಲು ಬಿಡುವುದಿಲ್ಲ, ನಾವು ಸ್ಟೋವ್ ಒಯ್ದಿದ್ದೆವು. ಆ ಗಾಳಿಯಲ್ಲಿ ತೆರೆದ ಪಾತ್ರೆ ಇಟ್ಟರೆ ಒಂದು ಪೌಂಡಿನ ಪ್ರೋಪೇನ್ ಡಬ್ಬಿ ಕಣ್ಣೆದುರೇ ಖಾಲಿ. ಕುಕ್ಕರಿದ್ದರೆ ಉಳಿಯುತ್ತದೆ.

ಬಿಸಿಲು ಅಂತ ಹೆದರುವವರು ಒಂದು ಕೆಲಸ ಮಾಡಬೇಕು, ದಿನವನ್ನೇ ತಿರುವಿ ಹಾಕಬೇಕು. ಅಲ್ಲಿ ಮಧ್ಯಾಹ್ನ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಹೊಸದಲ್ಲ, ಕ್ಯಾಂಪ್‌ನಲ್ಲಿ ಮರದ ನೆರಳಿಲ್ಲ. ನಾವು ಬೆಳಗಿನ ಐದಕ್ಕೇ ಎದ್ದು ಕಾಫಿ ಕುಡಿದು ನಡೆಯಲು ಹೊರಡುತ್ತಿದ್ದೆವು. ನಾನೂ ಮಗಳೂ ನಾಚ್ ಟ್ರೇಲ್ ಎಂಬ ಕಾಲುದಾರಿಯ ಮರದ ಏಣಿ ಹತ್ತಿದೆವು. ಅಮ್ಮನಿಗೆ ಫಾಸಿಲ್ (ಪಳೆಯುಳಿಕೆ) ಎಕ್ಸಿಬಿಟ್ ಟ್ರೇಲ್, ಅದು ಕಾಲು ಮೈಲಿಯ ಹಲಗೆ ದಾರಿ. ಹತ್ತು ಹತ್ತೂವರೆಗೆ ಬಿಸಿಲು ಏರುವಾಗ ವಿಸಿಟರ್ ಸೆಂಟರಿನ ಫಾಸಿಲ್ ಲ್ಯಾಬಿಗೆ. ಬೇಸಿಗೆಯಲ್ಲಿ ಅಲ್ಲಿ ನಮ್ಮ ಎದುರೇ ಸಣ್ಣ ಉಪಕರಣ ಹಿಡಿದು ಕಲ್ಲಿನಿಂದ ಎಲುಬು ಬಿಡಿಸುತ್ತಾರೆ. 2010ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಈ ಸೆಂಟರಿನ ಹತ್ತಿರವೇ ಬೆಕ್ಕನ್ನು ಹೋಲುವ ಕೋರೆಹಲ್ಲಿನ ಪ್ರಾಣಿಯೊಂದರ ತಲೆಬುರುಡೆ ಕಂಡುಹಿಡಿದಿದ್ದಳು. ಅದನ್ನು ಕೇಳಿದ ಮೇಲೆ ನನ್ನ ಮಗ ಕಾಲಡಿಯ ಒಂದೊಂದು ಕಲ್ಲನ್ನೂ ನೋಡುತ್ತಲೇ ನಡೆದ. (ಸಿಕ್ಕರೆ ಮುಟ್ಟಬಾರದು, ಪಾರ್ಕ್ ಕಾಯುವ ರೇಂಜರಿಗೆ ಹೇಳಬೇಕು.) ಅಲ್ಲಿ ಮುಗಿದರೆ ವಾಲ್ ಊರಿನ ದೊಡ್ಡ ಅಂಗಡಿ ವಾಲ್ ಡ್ರಗ್. ಐದು ಸೆಂಟಿನ ಕಾಫಿ, ಪುಕ್ಕಟೆ ಐಸ್ ನೀರು, ಬಾಟಲಿಗಳೂ ತುಂಬುತ್ತವೆ. ಸಂಜೆ ಆರರ ಮೇಲೆ ಕ್ಯಾಂಪಿಗೆ ವಾಪಸ್.

ವಾಪಸ್ ಬಂದಾಗ ಬೈಸನ್‌ಗಳು (ಅಮೆರಿಕದ ಕಾಡುಕೋಣದಂಥ ಪ್ರಾಣಿ) ಇರುತ್ತವೆ. ಒಂದು ಗಂಡು ನಮ್ಮ ಎದುರಿನ ಕಂಬಕ್ಕೆ ಕುತ್ತಿಗೆ ಉಜ್ಜುತ್ತಾ ನಿಂತಿತ್ತು. ಉದುರಿದ ಕಂದು ಉಣ್ಣೆ ಕಂಬದ ಸೀಳಿಗೆ ಸಿಕ್ಕಿಕೊಂಡಿತ್ತು, ಹುಲ್ಲು ಕಿತ್ತು ಅಗಿಯುವ ಸದ್ದು ವ್ಯಾನಿನೊಳಗೂ ಕೇಳುತ್ತಿತ್ತು. ನೂರು ಗಜ ದೂರ ಇರಬೇಕು ಅಂತ ನಿಯಮ, ಅದಾಗೇ ಹತ್ತಿರ ಬಂದರೆ ಗಾಡಿ ಹತ್ತಿ ಕೂರುವುದೇ ಸರಿ. ಆ ದಿನ ಊಟ ಒಂದು ಗಂಟೆ ತಡ.

ಮಳೆ ಮೋಡ ಕಂಡರೆ ಗಾಡಿ ಹೊರಗಿನ ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿ. ನೆನೆದ ಆ ಜೇಡಿಮಣ್ಣು ಟೈರಿಗೆ, ಬೂಟಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ, ಸೇಜ್ ಕ್ರೀಕ್ ರಿಮ್ ರಸ್ತೆಯೂ ಜಾರುತ್ತದೆ. ಒಣಗುವ ತನಕ ಕಾಯಿರಿ.

ಒಂದು ಪ್ರಯೋಗವನ್ನೂ ಮಾಡಿದೆವು. ಅಮ್ಮ ಉಪ್ಪು ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ ತಂದಿದ್ದರು. ಹಗಲು ನಿಲ್ಲಿಸಿದ ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ತಟ್ಟೆಯಲ್ಲಿ ಹರಡಿ, ರಾತ್ರಿ ಮತ್ತೆ ಮಜ್ಜಿಗೆಗೆ ಹಾಕುತ್ತಿದ್ದೆವು. ನಮ್ಮ ಊರಲ್ಲಿ ವಾರ ಹಿಡಿಯುವುದು ಅಲ್ಲಿ ಮೂರು ದಿನಕ್ಕೆ ಗರಿಗರಿ! ವ್ಯಾನಿನ ವಾಸನೆ ಹೋಗಲು ಮಾತ್ರ ತಿಂಗಳಾಯಿತು. ಸಂಡಿಗೆಗೆ ಗಾಳಿ ಬಿಡುವುದಿಲ್ಲ.

ಅಲ್ಲಿಂದ 85ನೇ ಹೈವೇ ಹಿಡಿದು ಉತ್ತರಕ್ಕೆ, ನಾರ್ತ್ ಡಕೋಟಾದ ಥಿಯೋಡೋರ್ ರೂಸ್ವೆಲ್ಟ್ ಪಾರ್ಕಿಗೆ. ದಾರಿಯುದ್ದಕ್ಕೂ ಹುಲ್ಲುಗಾವಲು, ಗಾಡಿಯ ಗ್ಯಾಸ್ (ಪೆಟ್ರೋಲ್) ಅರ್ಧಕ್ಕೆ ಬಂದಾಗಲೇ ತುಂಬಿಸಿ. ಅದೂ ಬ್ಯಾಡ್‌ಲ್ಯಾಂಡ್ಸ್ ಥರದ ನೆಲವೇ, ಆದರೆ ಹಸಿರು ಜಾಸ್ತಿ. ಕಾಟನ್‌ವುಡ್ ಕ್ಯಾಂಪಿನಲ್ಲಿ ಮರ ಇದೆ, ನೀರಿದೆ, ದುಡ್ಡು ಕೊಡಬೇಕು. ನೆಲದೊಳಗಿನ ಕಲ್ಲಿದ್ದಲು ಹತ್ತಿ ಉರಿದು ಮೇಲಿನ ಜೇಡಿಮಣ್ಣು ಬೆಂದು ಕೆಂಪಾಗಿದೆ, ಕಾಲಿಗೆ ತಾಗಿದರೆ ಮಂಗಳೂರು ಹೆಂಚಿನ ಚೂರಿನ ಹಾಗೆ ಟಣ್ ಅನ್ನುತ್ತದೆ. ನಡುವೆ ಒಂದು ರಾತ್ರಿ ಹುಲ್ಲುಗಾವಲಿನಲ್ಲೇ ಉಳಿದೆವು, ಸರ್ಕಾರದ ಹುಲ್ಲುಗಾವಲಾದ ನ್ಯಾಷನಲ್ ಗ್ರಾಸ್‌ಲ್ಯಾಂಡ್‌ನಲ್ಲಿ ಪುಕ್ಕಟೆ. ಯಾವ ತಿರುವಿನಲ್ಲಿ ಅಂತ ಹೇಳಲ್ಲ, ನಮಗೇ ಜಾಗ ಬೇಕಲ್ವಾ.

ಲೆಕ್ಕ ಹೀಗಿದೆ. ಹೋಗಿ ಬರಲು ಸಾವಿರದ ಆರುನೂರು ಮೈಲಿ ಹತ್ತಿರ, ಗ್ಯಾಸಿಗೆ ಇನ್ನೂರಮೂವತ್ತು. ಪಾರ್ಕ್ ಪಾಸ್ ಎಂಬತ್ತು, ಎರಡೂ ಪಾರ್ಕಿಗೆ ಅದೇ ನಡೆಯಿತು. ಸಾಮಾನು, ಪ್ರೋಪೇನ್, ಕ್ಯಾಂಪ್ ಬಾಡಿಗೆ ಎಲ್ಲ ಸೇರಿ ಐನೂರರೊಳಗೇ ಮುಗಿಯಿತು. ಮೋಟೆಲ್ ಮಾಡಿ ಹೋದ ಗೆಳೆಯರಿಗೆ ರೂಮಿಗೇ ದಿನಕ್ಕೆ ಇನ್ನೂರರ ಹತ್ತಿರ ಬಿತ್ತಂತೆ.

ಹೊರಡುವವರು ಆಗಸ್ಟ್ ಮೊದಲ ಭಾಗ ಬಿಡಿ. ಆಗ ಅದೇ ರಾಜ್ಯದ ಸ್ಟರ್ಜಿಸ್ ಊರಿನ ಬೈಕ್ ರ‍್ಯಾಲಿ, ಸುತ್ತಲಿನ ಕ್ಯಾಂಪ್ ಎಲ್ಲ ತುಂಬಿರುತ್ತದೆ. ಸೇಜ್ ಕ್ರೀಕ್‌ನಲ್ಲಿ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ವಾರದ ನಡುವೆ ಮಧ್ಯಾಹ್ನದ ಮೊದಲೇ ತಲುಪುವ ಹಾಗೆ ಮನೆ ಬಿಡಿ.