ಅಮ್ಮನ ಕೈ ಮುರಿದ್ರೆ ಬರೀ ಪ್ಲಾಸ್ಟರ್ ಹಾಕ್ಸಿ ಸುಮ್ನಾಗ್ಬೇಡಿ

ಮುಂಬೈ ಹತ್ರದ ಡೊಂಬಿವ್ಲಿಲಿ ನಮ್ಮಮ್ಮ 2 ವರ್ಷದ ಹಿಂದೆ ಬಾತ್‌ರೂಮಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡ್ರು, 6 ವಾರ ಪ್ಲಾಸ್ಟರ್ ಇಟ್ಟು ಬಿಚ್ಚಿ ಮನೆಗೆ ಕಳಿಸಿದ್ರು, ಅಷ್ಟು ಸಣ್ಣ ಏಟಿಗೆ ಮೂಳೆ ಯಾಕೆ ಮುರೀತು ಅಂತ ಅಲ್ಲಿ ಯಾರೂ ಕೇಳ್ಲಿಲ್ಲ, ನಮಗೂ ಹೊಳೀಲಿಲ್ಲ. ಹೋದ ಮಳೆಗಾಲದಲ್ಲಿ ಸೊಂಟದ ಮೂಳೆನೇ ಹೋಯ್ತು. ನಿಮ್ಮನೇಲಿ ಹಾಗಾಗ್ಬಾರ್ದು ಅಂತ ಬರೀತಿದೀನಿ.

50 ದಾಟಿದವ್ರು ನಿಂತಲ್ಲಿಂದ ಬಿದ್ದು ಏನಾದ್ರೂ ಮುರಿದ್ರೆ ಅದು ಮೂಳೆ ಸವೆತ ಅಂದ್ರೆ ಆಸ್ಟಿಯೋಪೊರೋಸಿಸ್ ಇರಬಹುದು ಅಂತ್ಲೇ ಹಿಡೀರಿ. ಪ್ರಪಂಚದ ಲೆಕ್ಕದಲ್ಲಿ 50 ದಾಟಿದ 3 ಹೆಂಗಸರಲ್ಲಿ ಒಬ್ರಿಗೆ, 5 ಗಂಡಸರಲ್ಲಿ ಒಬ್ರಿಗೆ ಈ ಸವೆತದಿಂದ ಮೂಳೆ ಮುರಿಯತ್ತೆ, ಸೊಂಟ ಮುರಿದವ್ರಲ್ಲಿ ಸುಮಾರು 5ರಲ್ಲಿ ಒಬ್ರು ವರ್ಷದೊಳಗೆ ತೀರ್ಕೋತಾರೆ, ಇದನ್ನ ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ. ಒಂದ್ಸಲ ಮುರಿದ್ರೆ ಇನ್ನೊಂದ್ಸಲ ಮುರಿಯೋ ಸಾಧ್ಯತೆ ಹೆಚ್ಚು, ಅದಕ್ಕೇ ಮೊದಲ ಫ್ರ್ಯಾಕ್ಚರ್ ಆದಾಗ್ಲೇ ಡಾಕ್ಟರ್ ಹತ್ರ ಬಾಯ್ಬಿಟ್ಟು ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋದು) ಕೇಳಿ, ಸೊಂಟ ಮತ್ತು ಬೆನ್ನುಮೂಳೆ ಎರಡರದ್ದೂ. ಫ್ರೀ ಕ್ಯಾಂಪಲ್ಲಿ ಹಿಮ್ಮಡಿಗೆ ಮಷೀನ್ ಇಟ್ಟು ಕೊಡೋ ನಂಬರ್ ಸಾಲಲ್ಲ. ರಿಪೋರ್ಟಲ್ಲಿ ಟಿ ಸ್ಕೋರ್, ಅಂದ್ರೆ ಆರೋಗ್ಯವಾಗಿರೋ ಹರೆಯದವ್ರ ಮೂಳೆಗೆ ಹೋಲಿಸಿ ಕೊಡೋ ನಂಬರ್ ನೋಡಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್, ಮೈನಸ್ 1ರಿಂದ ಮೈನಸ್ 2.5ರ ಮಧ್ಯೆ ಇದ್ರೆ ಶುರುವಾಗ್ತಿದೆ ಅಂತ, ಆದ್ರೆ ಆಗ್ಲೇ ಮೂಳೆ ಮುರಿದಿದ್ರೆ ಸ್ಕೋರ್ ಪರ್ವಾಗಿಲ್ಲ ಅಂತ ವಾಪಸ್ ಬರ್ಬೇಡಿ, ಔಷಧಿ ಬೇಕಾ ಅಂತ ಕೇಳೇ ಬನ್ನಿ.

ಬೆನ್ನುಮೂಳೆ ಮುರಿದಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ವಯಸ್ಸಾಯ್ತು ಬೆನ್ನು ಬಾಗ್ತು ಅಂದ್ಕೋತೀವಿ. ಬಾಗಿಲ ಪಕ್ಕ ಗೋಡೆಗೆ ನಿಲ್ಲಿಸಿ ಎತ್ತರ ಅಳೀರಿ, ಮೊದಲಿಗಿಂತ 4 ಸೆಂಟಿಮೀಟರ್ ಕಮ್ಮಿ ಆಗಿದ್ರೆ ಎಕ್ಸ್‌ರೇ ತೆಗ್ಸಿ. ಮುಟ್ಟು ಬೇಗ ನಿಂತವ್ರು, ಸ್ಟೆರಾಯ್ಡ್ ಮಾತ್ರೆ ತಿಂಗಳುಗಟ್ಲೆ ತಗೊಂಡವ್ರು, ತುಂಬಾ ಸಣ್ಣಗಿರೋವ್ರು, ಅಪ್ಪ ಅಮ್ಮಂಗೆ ಸೊಂಟ ಮುರಿದಿದ್ದವ್ರು, ಇವರೆಲ್ಲ ಸ್ಕ್ಯಾನ್ ಮಾಡ್ಸೋಕೆ ಬೀಳೋವರೆಗೂ ಕಾಯಬಾರ್ದು.

ಈ ಸವೆತಕ್ಕೆ ವಾರಕ್ಕೊಂದು ನುಂಗೋ ಅಲೆಂಡ್ರೋನೇಟ್ ಥರದ ಮಾತ್ರೆ ಬರ್ಕೊಟ್ರೆ ಬೆಳಗ್ಗೆ ಖಾಲಿ ಹೊಟ್ಟೇಲಿ, ಒಂದು ಲೋಟ ಬರೀ ನೀರಲ್ಲಿ ನುಂಗ್ಬೇಕು, ಚಾ ಜೊತೆ ಅಲ್ಲ, ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರ್ದು, ಮಲಗ್ಲೂಬಾರ್ದು, ಇಲ್ಲಾಂದ್ರೆ ಅನ್ನನಾಳ ಸುಡತ್ತೆ. ನಮ್ಮಮ್ಮ ಚಾ ಬಿಡಲ್ಲ ಅಂತ ಹಟ ಮಾಡಿದ್ರು, ಭಾನುವಾರ ನಾನೇ ಪಕ್ಕ ಕೂತ್ಕೋತೀನಿ.

ಊಟದ್ದು ಹೇಳ್ಬೇಕಂದ್ರೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗೀಲಿ ಸುಮಾರು 350 ಇದೆ, ಇಲ್ಲಿ ಮಹಾರಾಷ್ಟ್ರದ ಅಂಗಡೀಲಿ ರಾಗಿನ ನಾಚಣಿ ಅಂತ ಕೇಳಿ, ಜೊತೆಗೆ ಹಾಲು ಮೊಸರು ಎಳ್ಳು. ಬಿಸಿಲು ಬೇಕು, ಆದ್ರೆ ಕಿಟಕಿ ಗಾಜಿನ ಹಿಂದೆ ಕೂತ್ರೆ ವಿಟಮಿನ್ ಡಿ ಆಗಲ್ಲ, ಅಕ್ಕಪಕ್ಕದ ಬಿಲ್ಡಿಂಗ್ ನೆರಳಲ್ಲಿರೋ ಫ್ಲ್ಯಾಟ್ ಆದ್ರೆ 11 ಗಂಟೆ ಮೇಲೆ ಸ್ವಲ್ಪ ಹೊತ್ತು ಟೆರೇಸಿಗೆ ಕರ್ಕೊಂಡ್ ಹೋಗಿ.

ಇವತ್ತೇ ಮಾಡೋ ಕೆಲಸ ಬಾತ್‌ರೂಮ್ದು. ಕಮೋಡ್ ಪಕ್ಕ ಹಿಡ್ಕೊಳ್ಳೋಕೆ ಸ್ಟೀಲ್ ರಾಡ್ ಹಾಕ್ಸಿ, ರಾತ್ರಿ ಹೋಗೋ ದಾರೀಲಿ ಸಣ್ಣ ಲೈಟ್ ಇಡಿ, ಜಾರೋ ಕಾಲೊರಸು ತೆಗೀರಿ. ರಾಡನ್ನ ಡ್ರಿಲ್ ಮಾಡಿ ಗೋಡೆಗೇ ಸ್ಕ್ರೂ ಹಾಕಿಸ್ಬೇಕು, ರಬ್ಬರ್ ಬಟ್ಟಲಲ್ಲಿ ಟೈಲ್ಸ್‌ಗೆ ಅಂಟಿಸೋದನ್ನ ನಂಬಿ ಭಾರ ಬಿಟ್ರೆ ಕಿತ್ಕೊಂಡು ಬರತ್ತೆ.